ಆ ಕಡೆಯಿಂದಲೂ ಗದಗ, ಈ ಕಡೆಯಿಂದಲೂ ಗದಗ: ಉಲ್ಟಾ ಪದಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹುಬ್ಬಳ್ಳಿಯಿಂದ ಗದಗಿಗೆ 11 ವರ್ಷ ರೈಲಿನಲ್ಲಿ ಓಡಾಡಿದವನು ನಾನು. (ಆ 11 ಕೂಡ ತಿರುಗಿಸಿ ಓದಿದರೆ ಅದೇ, ಗಮನಿಸಿ.) ಅಣ್ಣಿಗೇರಿ ದಾಟಿದ ಮೇಲೆ ಮಾಡಲಿಕ್ಕೆ ಕೆಲಸವಿಲ್ಲ. ಕಣ್ಣಿಗೆ ಬಿದ್ದ ಬೋರ್ಡನ್ನೆಲ್ಲ ಹಿಂದಿನಿಂದ ಓದುವ ಚಟ ಹತ್ತಿದ್ದು ಆಗಲೇ. ಈಗ ನೆಂಟರ ಮಕ್ಕಳು, ಅವರ ಮೇಷ್ಟ್ರುಗಳು, ಮದುವೆ ಊಟದ ಸಾಲಿನಲ್ಲಿ ಪಕ್ಕ ಕೂತವರು ಎಲ್ಲರೂ ಅವೇ ಪ್ರಶ್ನೆ ಕೇಳುತ್ತಾರೆ. ಒಂದು ಸಲ ಬರೆದಿಟ್ಟರೆ ಬಾಯಿಗೆ ವಿಶ್ರಾಂತಿ.

ಇದೇನು ಆಟ? ಕನ್ನಡದಲ್ಲಿ ಹೆಸರಿದೆಯಾ?

ಪದವನ್ನು ಎಡದಿಂದ ಓದಿ, ಆಮೇಲೆ ಬಲದಿಂದ ಓದಿ. ಎರಡೂ ಸಲ ಒಂದೇ ಬಂದರೆ ಅದು ಈ ಜಾತಿಯ ಪದ. ಕನಕ, ನಯನ, ಸರಸ, ಜಲಜ, ಇಂಥವು. ಇಂಗ್ಲಿಷಿನಲ್ಲಿ ಪ್ಯಾಲಿಂಡ್ರೋಮ್ ಅಂತಾರೆ. ಅದು ಗ್ರೀಕ್ ಮೂಲದ ಪದ, 'ತಿರುಗಿ ಹಿಂದಕ್ಕೆ ಓಡುವುದು' ಅಂತ ಅರ್ಥ. ಹಳೆಯ ಕಾವ್ಯಶಾಸ್ತ್ರದವರು ಇಟ್ಟ ಹೆಸರು ಗತಪ್ರತ್ಯಾಗತ, ಅಂದರೆ ಹೋಗಿ ತಿರುಗಿ ಬಂದದ್ದು. ನನಗೆ ಇದು ಜಾಸ್ತಿ ಇಷ್ಟ. ಹೋಗಿ ಬರುವ ಟಿಕೆಟ್ ತೆಗೆಸಿದ ಹಾಗಿದೆ. ನಮ್ಮ ಮನೆಯಲ್ಲಿ ಸುಮ್ನೆ 'ಉಲ್ಟಾ ಪದ' ಅನ್ನುತ್ತೇವೆ.

ಗದಗ ಸ್ಟೇಷನ್ ಬೋರ್ಡಿನಲ್ಲಿ ಅಂಥದ್ದೇನಿದೆ?

ರೈಲ್ವೆ ಬೋರ್ಡಿನಲ್ಲಿ ಊರಿನ ಹೆಸರು ಮೂರು ಸಲ ಇರುತ್ತದೆ. ಕನ್ನಡದಲ್ಲಿ ಗ-ದ-ಗ. ತಿರುಗಿಸಿ, ಗ-ದ-ಗ. ಕೆಳಗೆ ಹಿಂದಿಯಲ್ಲೂ ಅವೇ ಮೂರು ಅಕ್ಷರ, ಅದೂ ಪಾಸು. ಅದರ ಕೆಳಗೆ ಇಂಗ್ಲಿಷು: ಜಿ, ಎ, ಡಿ, ಎ, ಜಿ. ತಿರುಗಿಸಿ ನೋಡಿ, ಜಿ, ಎ, ಡಿ, ಎ, ಜಿ! ಮೂರು ಲಿಪಿ, ಮೂರರಲ್ಲೂ ಎತ್ತ ಕಡೆಯಿಂದ ಓದಿದರೂ ಗದಗ. ಟಿಕೆಟಿನ ಮೇಲೆ ಬರುವ ಸ್ಟೇಷನ್ ಕೋಡು ಕೂಡ ಜಿ-ಡಿ-ಜಿ.

ಇದು ಸುಲಭಕ್ಕೆ ಆಗುವ ಮಾತಲ್ಲ. ಒಂದು ಭಾಷೆಯಲ್ಲಿ ಕೂಡಿಬಂದದ್ದು ಇನ್ನೊಂದರಲ್ಲಿ ಕೆಡುತ್ತದೆ. ಇಂಗ್ಲಿಷ್ ಅಕ್ಷರಗಳಲ್ಲಿ 'ಮಲಯಾಳಂ' ಅಂತ ಬರೆದರೆ ಒಂಬತ್ತು ಅಕ್ಷರ, ಹಿಂದಿನಿಂದ ಓದಿದರೂ ಅದೇ. ಕನ್ನಡದಲ್ಲಿ ಬರೆಯಿರಿ: ಮ-ಲ-ಯಾ-ಳಂ. ತಿರುಗಿಸಿದರೆ ಳಂ-ಯಾ-ಲ-ಮ. ಆಟ ಮುಗಿಯಿತು.

ಒಂದು ಸಣ್ಣ ಬೇಸರವೂ ಇದೆ. ಊರಿನ ಹಳೆಯ ರೂಪ ಗದುಗು. ಕುಮಾರವ್ಯಾಸ ಬರೆದ ಕಾವ್ಯವನ್ನು ಜನ ಇವತ್ತಿಗೂ ಗದುಗಿನ ಭಾರತ ಅಂತಲೇ ಕರೆಯುತ್ತಾರೆ. ಗ-ದು-ಗು ತಿರುಗಿಸಿದರೆ ಗು-ದು-ಗ. ಅಂದರೆ ಆ ಮಹಾಕವಿಯ ಕಾಲದ ಹೆಸರಿಗೆ ಈ ಭಾಗ್ಯ ಇರಲಿಲ್ಲ. ಹೆಸರು ಸವೆದು ಸವೆದು ಚೆಂದ ಆಯಿತು.

ಕನ್ನಡದಲ್ಲಿ ಏನನ್ನು ಒಂದು ಅಂತ ಎಣಿಸಬೇಕು?

ಜನ ಹೆಚ್ಚು ಎಡವುವುದು ಇಲ್ಲೇ. ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರ ಬಿಡಿಸಿ ತಿರುಗಿಸುತ್ತಾರೆ. ಅದೇ ಅಭ್ಯಾಸದಲ್ಲಿ 'ಕಿ' ಅನ್ನೋದನ್ನು ಕ್ ಮತ್ತು ಇ ಅಂತ ಒಡೆದರೆ ಕೆಟ್ಟಿತು. ಒಂದನೇ ಇಯತ್ತೆಯ ಮಗು 'ಕ ಗುಡಿಸು ಕಿ' ಅಂತ ಹಾಡುತ್ತದಲ್ಲ, ಅದಕ್ಕೆ ಕಿ ಒಂದು ಗಟ್ಟಿ. ನಮಗೂ ಒಂದೇ. ತಲಕಟ್ಟು, ಇಳಿ, ಗುಡಿಸು, ಕೊಂಬು ಏನೇ ಇದ್ದರೂ ವ್ಯಂಜನದ ಜೊತೆಗೇ ಹೋಗಬೇಕು, ಜೊತೆಗೇ ಬರಬೇಕು. ಹಾಗಾಗಿ ಕಿಟಕಿ ಅಂದರೆ ಕಿ-ಟ-ಕಿ, ಪಾಸು.

ಹ್ರಸ್ವ ದೀರ್ಘ ಬೇರೆ ಬೇರೆ. ಸಾಹಸ ಆಗುವುದಿಲ್ಲ, ಮೊದಲನೆಯದು ಸಾ, ಕೊನೆಯದು ಸ. ಸಮಾಸ ಆಗುತ್ತದೆ, ದೀರ್ಘ ನಡುವೆ ಕೂತಿದೆ. ನಡುವಿನ ಅಕ್ಷರಕ್ಕೆ ಜೋಡಿ ಬೇಡ, ಅದು ಏನಾದರೂ ಆಗಿರಬಹುದು. ಅಲ್ಪಪ್ರಾಣ ಮಹಾಪ್ರಾಣವೂ ಬೇರೆ. ಖಡಕ್ ರೊಟ್ಟಿಯ 'ಖಡಕ್' ಕೇಳಲಿಕ್ಕೆ ಹತ್ತಿರ ಬಂದ ಹಾಗೆ ಅನಿಸುತ್ತದೆ, ಆದರೆ ಖ ಒಂದು ಕಡೆ, ಕ್ ಇನ್ನೊಂದು ಕಡೆ. ವಾಕ್ಯ ಆದರೆ ನಡುವಿನ ಜಾಗ, ಅಲ್ಪವಿರಾಮ ಲೆಕ್ಕಕ್ಕಿಲ್ಲ.

ಒತ್ತಕ್ಷರ ಬಂದರೆ?

ಒತ್ತು ಸಮೇತ ಒಂದೇ ಅಕ್ಷರ. ನರ್ತನ: ನ-ರ್ತ-ನ. ಮಧ್ಯಮ: ಮ-ಧ್ಯ-ಮ. ಎರಡೂ ಸರಿ.

ಸೊನ್ನೆ? 'ನಂದನ' ಯಾಕೆ ತಪ್ಪು?

ಇದರಲ್ಲಿ ನಾನೇ ತಪ್ಪಿತಸ್ಥ. ಒಮ್ಮೆ ಮಕ್ಕಳ ಸ್ಪರ್ಧೆಯೊಂದರಲ್ಲಿ ನನ್ನನ್ನು ತೀರ್ಪುಗಾರ ಅಂತ ಕೂರಿಸಿದ್ದರು. ಒಬ್ಬ ಹುಡುಗಿ 'ನಂದನ' ಬರೆದಳು. ನಂ ಬೇರೆ, ನ ಬೇರೆ ಅಂತ ಕೆಂಪು ಪೆನ್ನಿನಲ್ಲಿ ಗೀಟು ಎಳೆದೆ. ಅವಳು ವಾದ ಮಾಡಲಿಲ್ಲ, ಸುಮ್ನೆ ನೋಡಿದಳು. ಆಮೇಲೆ ಚಿತ್ರಕಾವ್ಯದ, ಅಂದರೆ ಅಕ್ಷರಗಳ ಜೋಡಣೆಯಲ್ಲೇ ಚಮತ್ಕಾರ ತೋರಿಸುವ ಪದ್ಯಗಳ, ಹಳೆಯ ನಿಯಮ ಓದಿದೆ. ಅನುಸ್ವಾರ, ವಿಸರ್ಗಗಳಿಂದ ಚಿತ್ರ ಕೆಡುವುದಿಲ್ಲ ಅಂತ ಅಲ್ಲಿ ಸ್ಪಷ್ಟವಾಗಿಯೇ ಇದೆ. ಇಂಥ ಶಬ್ದದ ಆಟಗಳಲ್ಲಿ ಬ ಮತ್ತು ವ, ಡ ಮತ್ತು ಲ, ರ ಮತ್ತು ಲ ಇವುಗಳನ್ನೂ ಒಂದೇ ಅಂತ ಹಿಡಿಯುವ ರಿಯಾಯಿತಿ ಸಂಸ್ಕೃತ ಕವಿಗಳಿಗೆ ಇತ್ತು.

ನಾನು ಆಡುವಾಗ ಬ-ವ, ರ-ಲ ರಿಯಾಯಿತಿ ತೆಗೆದುಕೊಳ್ಳುವುದಿಲ್ಲ. ಅದು ಮೋಸ ಅನಿಸುತ್ತದೆ. ಸೊನ್ನೆಗೆ ಮಾತ್ರ ಈಗ ಬಿಡುತ್ತೇನೆ. ಹಾಗಾಗಿ ನಂದನ ಸರಿ, ಕಂಟಕ ಸರಿ. ಆ ಹುಡುಗಿಗೆ ಒಂದು ಅಂಕ ಬಾಕಿ ಇದೆ.

ಮನೆಯಲ್ಲೇ ಸಿಗುವ ಪದಗಳು ಯಾವವು?

ಅಡುಗೆಮನೆಗೆ ಹೋಗಿ. ಚಮಚ ಸಿಗುತ್ತದೆ. ಬುಟ್ಟಿಯಲ್ಲಿ ಟೊಮೆಟೊ: ಟೊ-ಮೆ-ಟೊ. ನಮ್ಮ ಕಡೆ 'ಟಮಾಟಿ' ಅಂದವರಿಗೆ ಮಾತ್ರ ಇದು ದಕ್ಕುವುದಿಲ್ಲ. ಹೋಳಿಗೆ ಮಾಡುವ ದಿನ ಆದರೆ ಪರಾತದಲ್ಲಿ ಕಣಕ ಇರುತ್ತದೆ, ಕ-ಣ-ಕ. ಒಳಗಿನ ಹೂರಣ ಆಗುವುದಿಲ್ಲ, ಹೊರಗಿನ ಕಣಕ ಆಗುತ್ತದೆ. ಕೈ ಸುಟ್ಟುಕೊಂಡರೆ ಮುಲಾಮು: ಮು-ಲಾ-ಮು. ಹೊರಗೆ ಮಳೆ ಬಂದರೆ ಗುಡುಗು. ಚೇಳಿನದು ಕುಟುಕು, ಬಾಟಲಿಯದು ಕುಲುಕು. ಕನ್ನಡದಲ್ಲಿ ಉಕಾರದ ಪದ ಜಾಸ್ತಿ ಇರುವುದರಿಂದ ಈ ಗು-ಗು, ಕು-ಕು ಸಾಲಿನಲ್ಲಿ ಹುಡುಕಿದಷ್ಟೂ ಸಿಗುತ್ತವೆ.

ಮಕ್ಕಳ ಕಂಪಾಸಿನಲ್ಲಿ 'ರಬ್ಬರ್' ಇದೆ. ಕೊನೆಯದು ಅರ್ಧ ರ್ ಆದ್ದರಿಂದ ಆಗುವುದಿಲ್ಲ. ಆದರೆ ನಮ್ಮ ಕಡೆಯವರು ಕೊನೆಗೆ ಪೂರ್ತಿ ರ ಬರೆಯುತ್ತೇವಲ್ಲ, ಆಗ ರ-ಬ್ಬ-ರ. ಇದನ್ನು ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು.

ಕಾಕಾ, ಮಾಮಾ, ದಾದಾ ಸೇರಿಸಬಹುದಾ?

ನಿಯಮಕ್ಕೆ ಹೊಂದುತ್ತವೆ. ಆದರೆ ಒಂದೇ ಅಕ್ಷರ ಎರಡು ಸಲ ಬರೆದು ಬಹುಮಾನ ಕೇಳಬೇಡಿ.

ಗದಗ ಬಿಟ್ಟರೆ ನಮ್ಮ ಸುತ್ತಮುತ್ತ ಬೇರೆ ಊರು ಇದೆಯಾ?

ಇದೆ. ಧಾರವಾಡ ತಾಲೂಕಿನ ಗರಗ. ಮಡಿವಾಳೇಶ್ವರ ಮಠದ ಊರು, ರಾಷ್ಟ್ರಧ್ವಜದ ಖಾದಿ ಬಟ್ಟೆಗೆ ಹೆಸರಾದ ಊರು. ಗ-ರ-ಗ. ಇಂಗ್ಲಿಷಿನಲ್ಲಿ ಬರೆದರೂ ಜಿ, ಎ, ಆರ್, ಎ, ಜಿ! ಗದಗಿಗೆ ಸರಿಯಾದ ಜೋಡಿ. ಖಾದಿ ಅಂದ ಕೂಡಲೇ ಗಾಂಧೀಜಿ ನೆನಪಾಗುತ್ತಾರೆ. ಅವರು 1919ರಿಂದ ನಡೆಸಿದ ಗುಜರಾತಿ ವಾರಪತ್ರಿಕೆಯ ಹೆಸರು ನವಜೀವನ. ನ-ವ-ಜೀ-ವ-ನ. ಐದು ಅಕ್ಷರದ ಶುದ್ಧ ಉಲ್ಟಾ ಪದ.

ಹಾವೇರಿ ಜಿಲ್ಲೆಯಲ್ಲಿ ಗಳಗನಾಥ ಇದೆ. ಪೂರ್ತಿ ಆಗುವುದಿಲ್ಲ, ಮೊದಲ ಮೂರಕ್ಷರ 'ಗಳಗ' ಮಾತ್ರ.

ಹುಬ್ಬಳ್ಳಿ, ಧಾರವಾಡ ಯಾಕೆ ಆಗಲ್ಲ?

ಈ ಪ್ರಶ್ನೆ ಕೇಳುವವರ ಮುಖದಲ್ಲಿ ಸ್ವಲ್ಪ ಸಿಟ್ಟು ಇರುತ್ತದೆ. ಗದಗ ನಮ್ಮಿಂದ ಬೇರೆ ಜಿಲ್ಲೆ ಆದದ್ದೇ 1997ರಲ್ಲಿ, ಅದಕ್ಕೆ ಇದೆ, ನಮಗಿಲ್ಲ ಅಂದರೆ ಹೇಗೆ ಅಂತ.

ಕಾರಣ ಕನ್ನಡದ ಜಾಯಮಾನದಲ್ಲೇ ಇದೆ. ಕನ್ನಡ ಪದ ಳ, ಣ ಇವುಗಳಿಂದ ಶುರುವಾಗುವುದಿಲ್ಲ. ಹಾಗಾದರೆ ಇವುಗಳಲ್ಲಿ ಮುಗಿಯುವ ಪದ ತಿರುಗಿ ಬರಲು ದಾರಿ ಇಲ್ಲ. ಕುಂದಗೋಳ ಹೋಯಿತು, ರೋಣ ಹೋಯಿತು. ಇನ್ನು ಒತ್ತಕ್ಷರ. ಳ್ಳ, ಬ್ಬ, ಪ್ಪ ಇಂಥ ಒತ್ತಿನಿಂದ ಪದ ಶುರುವಾಗುವುದಿಲ್ಲ. ಹುಬ್ಬಳ್ಳಿ ಮುಗಿಯುವುದು ಳ್ಳಿಯಲ್ಲಿ. ಅದಕ್ಕೆ ಎರಡು ಬೀಗ ಬಿದ್ದಿದೆ. ಎಲ್ಲ 'ಹಳ್ಳಿ'ಗಳಿಗೂ ಇದೇ ಗತಿ. ಇನ್ನೊಂದು ಕಡೆ, ಸ್ವರದಿಂದ ಶುರುವಾದ ಪದವೂ ಆಗುವುದಿಲ್ಲ, ಯಾಕೆಂದರೆ ಅ, ಆ, ಇ ಬಿಡಿಯಾಗಿ ಪದದ ಕೊನೆಗೆ ಬರುವುದಿಲ್ಲ. ಅಮ್ಮ, ಅಪ್ಪ, ಅಣ್ಣ, ಅಣ್ಣಿಗೇರಿ, ಯಾವುದನ್ನೂ ಹಚ್ಚಿಕೊಂಡು ಕೂರಬೇಡಿ.

ಧಾರವಾಡಕ್ಕೆ ಬೀಗ ಇಲ್ಲ, ಅದೃಷ್ಟ ಇಲ್ಲ ಅಷ್ಟೇ.

ತಿರುಗಿಸಿದರೆ ಬೇರೆ ಅರ್ಥ ಬರುವ ಪದಗಳೂ ಇದೇ ಜಾತಿಯಾ?

ದಾಯಾದಿಗಳು ಅನ್ನಿ. ನದಿ ತಿರುಗಿದರೆ ದಿನ. ಗಜ ತಿರುಗಿದರೆ ಜಗ. ಕಪಿ ತಿರುಗಿದರೆ ಪಿಕ, ಮಂಗ ಹೋಗಿ ಕೋಗಿಲೆ ಬಂತು. ರಸ-ಸರ, ರಥ-ಥರ, ನವ-ವನ, ರಾಜ-ಜರಾ. ಮತ ತಿರುಗಿದರೆ ತಮ, ಅಂದರೆ ಕತ್ತಲೆ. ಅದರ ಬಗ್ಗೆ ನಾನೇನೂ ಹೇಳಲ್ಲ. ಎಲ್ಲಕ್ಕಿಂತ ಹಳೆಯದು ವಾಲ್ಮೀಕಿಯ ಕಥೆ. ಬೇಡನಿಗೆ ರಾಮ ಅನ್ನಲು ಬಾರದೆ 'ಮರಾ ಮರಾ' ಅಂದನಂತೆ, ಅನ್ನುತ್ತ ಅನ್ನುತ್ತ ರಾಮ ಆಯಿತಂತೆ.

ಇವುಗಳ ಉಪಯೋಗ ಏನೆಂದರೆ, ಜೋಡಿಸಿದರೆ ತಾನಾಗಿಯೇ ಉಲ್ಟಾ ಸಾಲು ಆಗುತ್ತದೆ. ಹಾವೇರಿ ಜಿಲ್ಲೆಯಲ್ಲಿ ಹರಿಯುವ 'ವರದಾ ನದಿ'ಯನ್ನು ತಿರುಗಿಸಿ ನೋಡಿ: ದಿ-ನ-ದಾ-ರ-ವ. 'ದಿನ ದಾರವ'! ದಾರವ ಅಂದರೆ ದಾರವನ್ನು. ದಿನವೆಂಬ ದಾರವನ್ನು ಹಿಡಿದು ಹರಿಯುವ ಹೊಳೆ ಅಂತ ಅರ್ಥ ಮಾಡಿಕೊಳ್ಳಬಹುದು. ಸ್ವಲ್ಪ ಎಳೆದ ಹಾಗಾಯಿತು, ಗೊತ್ತು. ಆದರೂ ಚೆಂದ ಇದೆ ಅಲ್ವಾ?

ನಿಮಗೆ ಸಿಕ್ಕಿದ್ದರಲ್ಲಿ ಎಲ್ಲಕ್ಕಿಂತ ಒಳ್ಳೆಯದು ಯಾವುದು?

ಕನಕದಾಸ. ಅನುಮಾನವೇ ಇಲ್ಲ.

ಕನಕ ಉಲ್ಟಾ ಪದ ಅಂತ ಎಲ್ಲರಿಗೂ ಗೊತ್ತು. ದಾಸ ತಿರುಗಿದರೆ ಸದಾ ಅಂತಲೂ ಗೊತ್ತು. ಎರಡನ್ನೂ ಕೂಡಿಸಿ ಪೂರ್ತಿ ಹೆಸರು ತಿರುಗಿಸಲು ನನಗೆ ಎಷ್ಟೋ ವರ್ಷ ಹೊಳೆದಿರಲಿಲ್ಲ. ಕ-ನ-ಕ-ದಾ-ಸ. ತಿರುಗಿಸಿ: ಸ-ದಾ-ಕ-ನ-ಕ. 'ಸದಾ ಕನಕ'! ಯಾವಾಗಲೂ ಬಂಗಾರ. ಈಗ ಎರಡನ್ನೂ ಒಂದರ ಮುಂದೆ ಒಂದು ಇಡಿ: 'ಕನಕದಾಸ ಸದಾ ಕನಕ'. ಹತ್ತು ಅಕ್ಷರ, ವ್ಯಾಕರಣ ಸರಿ, ಅರ್ಥ ಸರಿ, ಒಂದು ಅಕ್ಷರವೂ ಎಳೆದು ತಂದದ್ದಲ್ಲ. ಸಣ್ಣದು ಬೇಕಾದರೆ 'ಸದಾ ಕನಕದಾಸ', ಏಳು ಅಕ್ಷರ, ಅದೂ ಉಲ್ಟಾ.

ಅವರು ಹುಟ್ಟಿದ್ದು ಈಗಿನ ಹಾವೇರಿ ಜಿಲ್ಲೆಯ ಬಾಡದಲ್ಲಿ. ಮೊದಲ ಹೆಸರು ತಿಮ್ಮಪ್ಪ ನಾಯಕ. ನೆಲದಲ್ಲಿ ಬಂಗಾರದ ಕೊಪ್ಪರಿಗೆ ಸಿಕ್ಕಿ ಕನಕ ಆದರು ಅಂತ ಜನ ಹೇಳುವ ಕಥೆ. ಒಗಟಿನ ಹಾಗೆ ಅರ್ಥ ಬಚ್ಚಿಡುವ ಮುಂಡಿಗೆಗಳನ್ನು ಬರೆದವರು ಬೇರೆ. ಅವರ ಹೆಸರಿನಲ್ಲೇ ಇಂಥದ್ದು ಅಡಗಿ ಕೂತಿದೆ ಅಂದರೆ ಕಾಗಿನೆಲೆಗೆ ಹೋದಾಗೊಮ್ಮೆ ನಗು ಬರುತ್ತದೆ.

ಪೂರ್ತಿ ವಾಕ್ಯ ಕಟ್ಟುವುದು ಹೇಗೆ?

ಕೊನೆಯಿಂದ ಶುರು ಮಾಡಿ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ತೊಂದರೆ ಅಲ್ಲೇ. 'ಓಡುತ್ತಾನೆ' ಅಂತ ಮುಗಿಸಿದರೆ ವಾಕ್ಯ 'ನೆತ್ತಾ' ಅಂತ ಶುರುವಾಗಬೇಕು. ಯಾವ ಪದ ಇದೆ ಹಾಗೆ? ಅದಕ್ಕೇ ತಿರುಗಿದರೂ ಬದುಕುವ ಬಾಲ ಹುಡುಕಬೇಕು. ನನಗೆ ಸಿಕ್ಕ ಬಾಲ 'ಬೇಕು'. ತಿರುಗಿಸಿದರೆ 'ಕುಬೇ'. ಕುಬೇ ಅಂದ ಮೇಲೆ ಕುಬೇರ ಬರಲೇಬೇಕು, ಏನಾದರೂ ಬೇಕು ಅಂತ ಕೇಳಲಿಕ್ಕೆ ಅವನಿಗಿಂತ ಒಳ್ಳೆಯವರು ಯಾರು?

ಕುಬೇರನ ಕೊನೆಯ ರ ಆ ಕಡೆ 'ರ ಬೇಕು' ಅಂತ ಕೂರುತ್ತದೆ. ನಡುವೆ ಒಂದೇ ಅಕ್ಷರದ ಜಾಗ ಖಾಲಿ. ತುಂಬಿ:

ಕುಬೇರ, ಸರ ಬೇಕು.
ಕುಬೇರ, ಹಾರ ಬೇಕು.
ಕುಬೇರ, ವರ ಬೇಕು.

ಕು-ಬೇ-ರ-ಸ-ರ-ಬೇ-ಕು. ಬೆರಳು ಮಡಿಚಿ ನೋಡ್ರಿ ಬೇಕಾದರೆ. ಮೂರನೆಯದು ದೇವರ ವರವೋ ಮದುವೆಯ ವರನೋ ಕೇಳಿದವರಿಗೆ ಬಿಟ್ಟದ್ದು. ಬ್ಯಾಡಗಿ ಮೆಣಸಿನಕಾಯಿ ಊರಿನವರು 'ಕುಬೇರ, ಖಾರ ಬೇಕು' ಅನ್ನಬಹುದು. ಟೇಲರ್ ಅಂಗಡಿಯವರು 'ದಾರ ಬೇಕು'. ಆಸೆ ಜಾಸ್ತಿ ಇದ್ದವರು 'ಕುಬೇರ, ಸರ ಸರ ಬೇಕು' ಅಂತ ಎರಡು ಸಲ ಕೇಳಿದರೂ ಕೆಡುವುದಿಲ್ಲ, ಎಣಿಸಿ ನೋಡಿ.

ಇನ್ನೊಂದು ಸುಲಭ ದಾರಿ ಎರಡೂ ತುದಿಗೆ ಬಾ ಅಥವಾ ತಾ ಇಡುವುದು. 'ಬಾ ನವೀನ ಬಾ', 'ತಾ ಚಮಚ ತಾ'. ಚಿಕ್ಕ ಮಕ್ಕಳಿಗೆ ಇದು ಬೇಗ ಹಿಡಿಸುತ್ತದೆ. ಹಿರಿಯರಿಗೆ ಮಾತ್ರ ನಡೆಯುವುದಿಲ್ಲ. ಕಾಕಾ ಮನೆಗೆ ಬಂದರೆ 'ಬರ್ರಿ ಕಾಕಾ' ಅನ್ನಬೇಕು, 'ಬಾ ಕಾಕಾ ಬಾ' ಅಂದರೆ ಉಲ್ಟಾ ಸರಿಹೋಗುತ್ತದೆ, ಬೆನ್ನಿಗೆ ಗುದ್ದು ಬೀಳುತ್ತದೆ.

ನಮ್ಮ ಕಡೆಯ ಮಾತಿನಲ್ಲಿ ಈ ಆಟ ಸುಲಭವಾ?

ಕೆಲವು ಕಡೆ ಹೌದು. ನಾವು ದನ ಅನ್ನಲ್ಲ, 'ದನಾ' ಅಂತ ಎಳೆಯುತ್ತೇವೆ. ಎಳೆದದ್ದರಿಂದಲೇ ತಿರುಗಿಸಿದರೆ 'ನಾದ' ಆಗುತ್ತದೆ. ಬೆಂಗಳೂರಿನ ದನಕ್ಕೆ ಆ ನಾದ ಇಲ್ಲ.

ಕೆಲಸಕ್ಕೆ ನಾವು ಅನ್ನುವ 'ದಗದ' ಇನ್ನೂ ಒಳ್ಳೆಯದು. ದ-ಗ-ದ, ಸ್ವತಃ ಉಲ್ಟಾ ಪದ. ಅದೂ ಗದಗವೂ ಅವೇ ಎರಡು ಅಕ್ಷರದಿಂದ ಆದವು. ನನ್ನ 11 ವರ್ಷದ ರೈಲು ಓಡಾಟವನ್ನು ಇದರಲ್ಲೇ ಹೇಳಿ ಮುಗಿಸಬಹುದು: ಗದಗ, ದಗದ, ಗದಗ. ಒಂಬತ್ತು ಅಕ್ಷರ, ಹಿಂದಿನಿಂದ ಓದಿದರೂ ಅದೇ ದಿನಚರಿ.

ಹಿಂದಿನ ಕವಿಗಳು ಇದನ್ನು ಮಾಡಿದ್ದಾರಾ?

ನಾವು ಮಾಡುವುದು ಅವರ ಮುಂದೆ ಗೋಲಿ ಆಟ. ಸಂಸ್ಕೃತ ಕವಿ ಭಾರವಿಯ ಕಿರಾತಾರ್ಜುನೀಯ ಕಾವ್ಯದ 15ನೇ ಸರ್ಗದಲ್ಲಿ ಸರ್ವತೋಭದ್ರ ಅನ್ನುವ ಪದ್ಯವಿದೆ. ಮೊದಲ ಪಾದ 'ದೇವಾಕಾನಿನಿ ಕಾವಾದೇ'. ಹಿಂದಿನಿಂದ ಓದಿದರೂ ಅದೇ. ನಾಲ್ಕೂ ಪಾದ ಹಾಗೇ ಇವೆ. ಒಂದರ ಕೆಳಗೆ ಒಂದು ಚೌಕದಲ್ಲಿ ಬರೆದರೆ ಮೇಲಿನಿಂದ ಕೆಳಗೆ, ಕೆಳಗಿನಿಂದ ಮೇಲೆ ಓದಿದರೂ ಅದೇ ಬರುತ್ತದೆ. ಭಾರವಿ ಹೊರಗಿನವನು ಅಂತ ದೂರ ಮಾಡಬೇಡಿ. ನಮ್ಮ ಐಹೊಳೆಯ 634ರ ಶಾಸನದಲ್ಲಿ ಕಾಳಿದಾಸನ ಜೊತೆ ಅವನ ಹೆಸರು ಕೆತ್ತಿದ್ದಾರೆ.

16ನೇ ಶತಮಾನದ ದೈವಜ್ಞ ಸೂರ್ಯ ಪಂಡಿತ ಇನ್ನೂ ಮುಂದೆ ಹೋದ. ಅವನ ರಾಮಕೃಷ್ಣ ವಿಲೋಮ ಕಾವ್ಯದಲ್ಲಿ ಮುಂದಕ್ಕೆ ಓದಿದರೆ ರಾಮನ ಕಥೆ, ಹಿಂದಕ್ಕೆ ಓದಿದರೆ ಕೃಷ್ಣನ ಕಥೆ. ತಮಿಳಿನಲ್ಲಿ ತಿರುಜ್ಞಾನ ಸಂಬಂಧರ್ ಶಿವನ ಮೇಲೆ ಇಂಥ ಪದ್ಯ ಹಾಡಿದ್ದಾರೆ, ಅದನ್ನು ಅಲ್ಲಿ ಮಾಲೈಮಾಟ್ರು ಅಂತಾರೆ. ತೆನಾಲಿ ರಾಮನ ಬಿರುದು ವಿಕಟಕವಿ ಅಂತೂ ಎಲ್ಲರ ಬಾಯಲ್ಲಿದೆ.

ಇಷ್ಟೆಲ್ಲ ಇದ್ದರೂ ಸರ್ವತೋಭದ್ರ ಓದಿ ನನಗೆ ಕಣ್ಣಲ್ಲಿ ನೀರು ಬಂದಿಲ್ಲ. ಸರ್ಕಸ್ ನೋಡಿದ ಹಾಗೆ ಬೆರಗಾಗುತ್ತದೆ, ಅಷ್ಟೇ.

ಸಂಗೀತದಲ್ಲೂ ಉಲ್ಟಾ ಇರುತ್ತದಾ?

ಧಾರವಾಡದಲ್ಲಿ ಕೂತು ಇದನ್ನು ಕೇಳಬೇಕಾ? ಆರೋಹ ಹತ್ತಿ, ಅವರೋಹ ಇಳಿಯಿರಿ. ಭೂಪ್ ರಾಗದಲ್ಲಿ ಸ ರೇ ಗ ಪ ಧ ಸ ಅಂತ ಹತ್ತಿ, ಸ ಧ ಪ ಗ ರೇ ಸ ಅಂತ ಅದೇ ಮೆಟ್ಟಿಲಲ್ಲಿ ಇಳಿಯುತ್ತೀರಿ. ಹೋಗಿ ಬಂದದ್ದನ್ನು ಒಟ್ಟಿಗೆ ಬರೆದರೆ ಪಕ್ಕಾ ಉಲ್ಟಾ ಸಾಲು. ದೇಸ್ ರಾಗ ಹಾಗಲ್ಲ. ಹತ್ತುವಾಗ ಗ, ಧ ಬಿಟ್ಟು ಹೋಗಿ, ಇಳಿಯುವಾಗ ಅವುಗಳನ್ನು ಮಾತಾಡಿಸಿಕೊಂಡು ಬರುತ್ತದೆ.

ಕಂಪ್ಯೂಟರಿಗೆ ಕೊಟ್ಟರೆ 'ಕಿಟಕಿ' ಉಲ್ಟಾ ಪದ ಅಲ್ಲ ಅನ್ನುತ್ತದೆ, ಯಾಕೆ?

ಕಂಪ್ಯೂಟರು ಒಂದನೇ ಇಯತ್ತೆ ಓದಿಲ್ಲ. ಅದು ಅಕ್ಷರಗಳನ್ನು ಬರೆದಿಟ್ಟುಕೊಳ್ಳುವ ಪದ್ಧತಿಗೆ ಯುನಿಕೋಡ್ ಅಂತಾರೆ. ಯುನಿಕೋಡ್‌ನಲ್ಲಿ 'ಕಿ' ಅಂದರೆ ಎರಡು ತುಂಡು: ಒಂದು ಕ, ಒಂದು ಗುಡಿಸು. ಕಿಟಕಿ ಅಂದರೆ ಐದು ತುಂಡು. ಸುಮ್ನೆ ತಿರುಗಿಸಿದರೆ ಗುಡಿಸು ಎಲ್ಲಕ್ಕಿಂತ ಮುಂದೆ ಬಂದು, ಹಿಡಿದುಕೊಳ್ಳಲು ವ್ಯಂಜನ ಸಿಗದೆ, ಚುಕ್ಕಿ ಚುಕ್ಕಿ ವೃತ್ತದ ಮೇಲೆ ನೇತಾಡುತ್ತದೆ. ಒತ್ತಿಗೆ ಇನ್ನೊಂದು ತಮಾಷೆ. ನರ್ತನ ಅನ್ನೋದು ನ, ರ, ಅರ್ಧ ಮಾಡುವ ಚಿಹ್ನೆ, ತ, ನ. ತಿರುಗಿಸಿದರೆ 'ನತ್ರನ' ಆಗುತ್ತದೆ! ಪ್ರೋಗ್ರಾಂ ಬರೆಯುವ ಹುಡುಗರು ಮೊದಲು ವ್ಯಂಜನ, ಒತ್ತು, ಗುಣಿತ, ಸೊನ್ನೆ ಎಲ್ಲ ಸೇರಿಸಿ ಒಂದು ಗಂಟು ಕಟ್ಟಬೇಕು, ಆಮೇಲೆ ಗಂಟುಗಳನ್ನು ತಿರುಗಿಸಬೇಕು. ಗದಗ, ಗರಗ, ಕನಕ, ಚಮಚ ಇವುಗಳಿಗೆ ಗುಣಿತವೂ ಇಲ್ಲ, ಒತ್ತೂ ಇಲ್ಲ. ಅವು ಯಾವ ದಡ್ಡ ಪ್ರೋಗ್ರಾಮಿನಲ್ಲೂ ಪಾಸಾಗುತ್ತವೆ.

ಅಂಕೆ, ತಾರೀಖು ಲೆಕ್ಕಕ್ಕೆ ಬರುತ್ತವಾ?

ಅಂಕೆಯಲ್ಲಿ ಆಟ ಸಪ್ಪೆ, ಆದರೆ ತಾರೀಖಿಗೆ ಕಾಯುವುದು ಮಜಾ. 2002 ಆಗಿಹೋಯಿತು, ಅಂಥ ಮುಂದಿನ ವರ್ಷ 2112. ದಿನ, ತಿಂಗಳು, ವರ್ಷ ಸೇರಿಸಿ ಎಂಟು ಅಂಕೆ ಬರೆದರೆ 02-02-2020 ಆಯಿತು, 22-02-2022 ಆಯಿತು. ಇನ್ನು ಬರುವುದು 03-02-2030. ಪಂಚಾಂಗ ತಿರುವಿ ಹಾಕಬೇಡಿ, ನಾನು ಎಣಿಸಿ ನೋಡಿದ್ದೇನೆ. ಅವತ್ತು ಭಾನುವಾರ, ನಮ್ಮ ಕಡೆಯ ಮಾತಿನಲ್ಲಿ ರವಿವಾರ. ಅದನ್ನೂ ಒಮ್ಮೆ ತಿರುಗಿಸಿ: ರ-ವಾ-ವಿ-ರ. ಥೂ, ಸ್ವಲ್ಪದರಲ್ಲಿ ತಪ್ಪಿತು.